ಕೌದಿಯ ನಾಲ್ಕನೆಯ ಮೂಲೆ

ನಾನು ಚಿಕ್ಕವಳಿದ್ದಾಗ ನನ್ನನ್ನು ಒಂದು ಕಡೆ ಕೂರಿಸುವುದೇ ನಮ್ಮ ಮನೆಯಲ್ಲಿ ದೊಡ್ಡ ಕೆಲಸವಾಗಿತ್ತು. ಉಣ್ಣಲು ಕೂತರೂ ಎರಡು ತುತ್ತಿಗೊಮ್ಮೆ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೆ. ಬಸ್ಸಿನ ಹಾರ್ನ್ ಕೇಳಿದರೆ ಓಡಬೇಕು, ಕೋಳಿ ಕೂಗಿದರೆ ನೋಡಬೇಕು. "ಇದರ ಕಾಲಾಗ ಚಕ್ರ ಅದಾವ" ಎಂದು ಅಪ್ಪ ನಗುತ್ತಿದ್ದ. ಅಂಥ ನನ್ನನ್ನು ಅವ್ವ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಒಂದೇ ಜಾಗದಲ್ಲಿ ಕೂರಿಸಿದಳು. ಅದೂ ಒಂದು ಕಲ್ಲಿನ ಬದಲಿಗೆ!

ಆಗ ನಾವು ನೆಲೋಗಿಯಲ್ಲಿದ್ದೆವು. ಅಕ್ಕ ಮೊದಲ ಹೆರಿಗೆಗೆಂದು ಬಂದು ಐದು ತಿಂಗಳಾಗಿತ್ತು. ಮನೆಯ ತುಂಬ ಅಜವಾನದ ಹೊಗೆ, ಎಣ್ಣೆ ಹಚ್ಚಿದ ಕೂಸಿನ ವಾಸನೆ, ಬಿಸಿನೀರಿನ ಹಂಡೆಯ ಕೆಳಗೆ ಚಟಚಟ ಎನ್ನುವ ತೊಗರಿಕಟ್ಟಿಗೆ. ಅಕ್ಕ ಬಂದ ಮೇಲೆ ನಾನು ಅವಳ ಮಗ್ಗುಲಲ್ಲೇ ಮಲಗುತ್ತಿದ್ದೆ. ನನ್ನ ಜಡೆ ಹಾಕಲು ಅವಳಿಗಷ್ಟೇ ಬರುತ್ತಿತ್ತು. ಅವ್ವ ಹಾಕಿದರೆ ತಲೆ ಹಿಡಿದು ಎಳೆದಂತಾಗುತ್ತಿತ್ತು.

ಅಕ್ಕನ ಗಂಡನನ್ನು ನಾನು ಮಾವ ಎನ್ನುತ್ತಿದ್ದೆ. ಮಾವನ ಊರು ಆಳಂದದ ಕಡೆ. ನೆಲೋಗಿಯಿಂದ ಜೇವರ್ಗಿಗೆ ಒಂದು ಬಸ್ಸು, ಅಲ್ಲಿಂದ ಕಲಬುರಗಿಗೆ ಇನ್ನೊಂದು, ಆಮೇಲೆ ಆಳಂದಕ್ಕೆ ಮತ್ತೊಂದು. ಮೂರು ಬಸ್ಸು ಹತ್ತುವ ಊರು ಅಂದರೆ ನನ್ನ ಪಾಲಿಗೆ ಭೂಮಿ ಮುಗಿಯುವ ಜಾಗ. ಆ ಮಾವ ನಾನು ಕೂತ ದಿನದ ಮರುದಿನ ಮಧ್ಯಾಹ್ನದ ಬಸ್ಸಿಗೆ ಅಕ್ಕನನ್ನೂ ಕೂಸನ್ನೂ ಕರೆದುಕೊಂಡು ಹೋಗಲು ಬರುವವನಿದ್ದ.

ಅವ್ವ ಮಾತ್ರ ಓಣಿಯಲ್ಲಿ ಸಿಕ್ಕವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಕೌದಿ ಮುಗೀದ ಹೊರತು ನಾ ಕೂಸಿನ ಕಳಸಂಗಿಲ್ಲ ನೋಡ್ರಿ." ಆ ಮಾತು ನನ್ನ ಕಿವಿಗೆ ಬಿದ್ದು ಅಲ್ಲೇ ಕೂತುಬಿಟ್ಟಿತ್ತು. ನಾನು ಕೂರದಿದ್ದರೂ ಅದು ಕೂತಿತ್ತು.

ನಿಮಗೆ ಕೌದಿ ಗೊತ್ತಲ್ಲ? ಹಳೆಯ ಸೀರೆ, ಧೋತರ, ಅಂಗಿ ಎಲ್ಲ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ಸಾಲು ಸಾಲಾಗಿ ಹೊಲಿಯುವುದು. ಹೊಲಿಯುವುದು ಕಷ್ಟವಲ್ಲ, ಚೌಕ ಕೆಡದಂತೆ ನೋಡಿಕೊಳ್ಳುವುದೇ ಕಷ್ಟ. ಒಂದು ಪದರ ತುಸು ಸರಿದರೂ ಸಾಕು, ಕೌದಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ನಮ್ಮ ಪಡಸಾಲೆಗೆ ಶಹಾಬಾದಿನ ಪರಸಿಕಲ್ಲು ಹಾಸಿದ್ದರು. ಅವ್ವ ಕೌದಿಯ ಅಂಚನ್ನು ಪರಸಿಯ ಸಂದಿಗೆ ಸರಿಯಾಗಿ ಹೊಂದಿಸಿ ಹಾಸುತ್ತಿದ್ದಳು. ಆ ಗೆರೆ ಬಿಟ್ಟು ಬಟ್ಟೆ ಒಂದು ಕೂದಲೆಳೆಯಷ್ಟೂ ಆಚೆ ಹೋಗಬಾರದು. ಮೂರು ಮೂಲೆಗೆ ಖಾರ ಅರೆಯುವ ಗುಂಡು, ಬೀಸುಕಲ್ಲಿನ ಮೇಲಿನ ಹೋಳು, ನೀರು ತುಂಬಿದ ಕೊಡ ಇಟ್ಟಳು. ನಾಲ್ಕನೆಯದಕ್ಕೆ ಏನೂ ಸಿಗಲಿಲ್ಲ.

"ಏ, ನೀ ಬಾ ಬೇ ಇಲ್ಲಿ. ಈ ಮೂಲಿ ಮ್ಯಾಲ ಕುಂದ್ರು. ಅಲ್ಲಾಡಬ್ಯಾಡ, ಜಗ್ಗಬ್ಯಾಡ. ಬರೇ ಹಿಡಕೊಂಡು ಕುಂದ್ರು."

ಕೂತೆ. ತಣ್ಣನೆಯ ಪರಸಿ, ಅದರ ಮೇಲೆ ಅವ್ವನ ಹಳೆಯ ಇಳಕಲ್ ಸೀರೆಯ ಮೆತ್ತನೆಯ ಪದರ. ಆ ಕಡೆಯಿಂದ ಹೊಲಿಯುತ್ತ ಬಂದಿದ್ದ ಕೌದಿ ಬಹುಪಾಲು ಮುಗಿದಿತ್ತು. ನನ್ನ ಕಡೆ ಎರಡು ಗೇಣು ಮಾತ್ರ ಬಾಕಿ. ಅವ್ವ ಬಗ್ಗಿ ಬಗ್ಗಿ ಹೊಲಿದಳು. ಅಕ್ಕ ಕೂಸಿಗೆ ಹಾಲು ಕುಡಿಸುವುದು, ಮಲಗಿಸುವುದು, ಬಂದು ಒಂದು ಸಾಲು ಹೊಲಿಯುವುದು, ಮತ್ತೆ ಕೂಸು ಅಳುವುದು. ನನ್ನ ಕಾಲು ಜುಮ್ಮೆನ್ನತೊಡಗಿತು. ಬೆನ್ನು ತುರಿಸಿತು. ಹೊರಗೆ ಹುಡುಗಿಯರು ಕುಂಟಾಬಿಲ್ಲೆ ಆಡುವ ಸದ್ದು. ಆದರೆ ಅದಕ್ಕಿಂತ ಹೆಚ್ಚಿಗೆ ಕಾಡಿದ್ದು ಉಳಿದ ಆ ಎರಡು ಗೇಣು. ಅದು ಒಂದೂವರೆ ಗೇಣಾಯಿತು. ಒಂದಾಯಿತು. ಅವ್ವನ ಸೂಜಿ ನನ್ನ ಕಡೆಗೇ ಬರುತ್ತಿತ್ತು. ಅದು ಬಂದು ತಲುಪಿದರೆ ಅಕ್ಕ ಹೋಗುತ್ತಾಳೆ.

ಕೌದಿ ಮುಗಿಯದಿದ್ದರೆ? ಕೆಟ್ಟರೆ?

ಲಂಗವನ್ನು ಅಗಲವಾಗಿ ಹರಡಿಕೊಂಡು ಮೂಲೆ ಮುಚ್ಚಿದೆ. ಅವ್ವ ದಾರ ಕಡಿಯಲು ಮುಖ ತಿರುಗಿಸಿದಾಗೊಮ್ಮೆ ಕೆಳಗಿನ ಸೀರೆಯನ್ನು ಎರಡು ಬೆರಳಲ್ಲಿ ಹಿಡಿದು ಚೂರೇ ಚೂರು ಜಗ್ಗಿದೆ. ಯಾರಿಗೂ ಕಾಣಲಿಲ್ಲ. ಮತ್ತೆ ಜಗ್ಗಿದೆ. ಅಕ್ಕ ಕೂಸಿನ ಕಡೆ ಎದ್ದಾಗ ಇನ್ನಷ್ಟು. ಕೆಳಗಿನ ಪದರ ಪರಸಿಯ ಗೆರೆ ದಾಟಿ ನನ್ನ ತೊಡೆಯ ಕೆಳಗೆ ಬಂದು ಮುದ್ದೆಯಾಯಿತು. ಅವ್ವನ ಸೂಜಿ ಏನೂ ಅರಿಯದೆ ಅದನ್ನು ಹಾಗೇ ಹೊಲಿದುಕೊಂಡು ಬಂತು.

ಹೊತ್ತು ಇಳಿಯುವ ಮುಂಚೆ ಅವ್ವ ಸೊಂಟ ನೆಟ್ಟಗೆ ಮಾಡಿ, "ಮುಗೀತವ್ವಾ" ಎಂದಳು. ಕೊನೆಗೊಂದು ಪರೀಕ್ಷೆ ಇರುತ್ತಿತ್ತು. ಒಂದು ದಾರವನ್ನು ಈ ಮೂಲೆಯಿಂದ ಎದುರು ಮೂಲೆಗೆ ಹಿಡಿದು, ಅದೇ ದಾರವನ್ನು ಉಳಿದೆರಡು ಮೂಲೆಗೆ ಹಿಡಿಯುವುದು. ಎರಡೂ ಸಮ ಬಂದರೆ ಕೌದಿ ಚೌಕ. ಅವ್ವ ಮೊದಲು ಗುಂಡಿನಿಂದ ಕೊಡಕ್ಕೆ ಹಿಡಿದಳು. ಆಮೇಲೆ ಬೀಸುಕಲ್ಲಿನಿಂದ ನನ್ನ ಕಡೆಗೆ. ದಾರ ಸಾಲಲಿಲ್ಲ. ಇನ್ನೊಮ್ಮೆ ಹಿಡಿದಳು. ಸಾಲಲಿಲ್ಲ.

"ನಾಕು ಬೆರಳು ಹೆಚ್ಚ್ಯಾಕ ಬಂತು? ಏಳು ಬೇ ನೀ."

ನಾನು ಏಳಲಿಲ್ಲ. ದಿನವಿಡೀ ಏಳಬೇಕೆಂದು ಒದ್ದಾಡಿದವಳು ಈಗ ಕಲ್ಲಾಗಿ ಕೂತಿದ್ದೆ. ಅವ್ವ ರಟ್ಟೆ ಹಿಡಿದು ಎಬ್ಬಿಸಿದಳು. ಕೆಳಗಿನ ಸೀರೆ ನಾಲಿಗೆಯಂತೆ ಹೊರಗೆ ಚಾಚಿಕೊಂಡಿತ್ತು. ಅದರ ಮೇಲೆ ಬಣ್ಣದ ತುಂಡಿಲ್ಲ, ಏನಿಲ್ಲ, ಬೋಳುಬೋಳು.

"ಅಯ್ಯ, ಏನ್ ಮಾಡಿ ಬೇ ಇದು! ಈಗ ಎಲ್ಲಾ ಬಿಚ್ಚಬೇಕಲ್ಲ!"

ಬೆನ್ನಿಗೆ ಒಂದು ಬಿತ್ತು. ಬಿದ್ದರೂ ಒಳಗೊಳಗೆ ನನಗೆ ಖುಷಿ. ಬಿಚ್ಚಲು ಎರಡು ದಿನ, ಮತ್ತೆ ಹೊಲಿಯಲು ನಾಲ್ಕು ದಿನ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಅವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಸಣ್ಣ ದನಿಯಲ್ಲಿ ಅಕ್ಕನಿಗೆ ಹೇಳಿದಳು: "ಇರ್ಲಿ ಬಿಡು. ಅಳಿಯಾರು ಮುಂಜಾನಿ ಹೊಂಟು ಬರ್ತಾರ, ಹಂಗೇ ತಿರುಗಿ ಕಳಸಾಕ ಬರಂಗಿಲ್ಲ. ಈ ಸೊಟ್ಟ ಕೌದಿ ಹೆಂಗ ಕೊಡ್ಲಿ? ಕೂಸು ಹಂಗೇ ಹೋಗ್ಲಿ."

ಹಂಗೇ ಹೋಗ್ಲಿ! ಕೌದಿ ಇಲ್ಲದಿದ್ದರೂ ಅಕ್ಕ ಹೋಗುತ್ತಾಳೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಕ್ಕ ಉಳಿಯುವುದಿಲ್ಲ. ಮೂರು ಬಸ್ಸಿನ ಗಾಳಿಯಲ್ಲಿ ಕೂಸು ಬರಿಮೈಯಲ್ಲಿ ಹೋಗುತ್ತದೆ. ನಾನು ಗಳಗಳ ಅತ್ತುಬಿಟ್ಟೆ.

"ಅಕ್ಕಾ ಹೋಗಬಾರ್ದಂತ ಜಗ್ಗೀನಿ" ಎಂದೆ. ಅವ್ವ ಮತ್ತೆ ಎತ್ತಿದ್ದ ಕೈಯನ್ನು ಹಾಗೇ ಇಳಿಸಿದಳು.

ಅಕ್ಕ ಬಂದು ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು. "ಹಿಡಿ ಇದಕ್ಕ. ಜಗ್ಗಬ್ಯಾಡ, ಹಿಡಿ ಅಷ್ಟ" ಎಂದಳು. ಆಮೇಲೆ ಕತ್ತರಿ ತೆಗೆದುಕೊಂಡು, ನಾನು ಉಟ್ಟಿದ್ದ ಲಂಗದ ಅಂಚಿನಿಂದ ಮೂರು ಮೂಲೆಯ ಒಂದು ತುಂಡು ಕತ್ತರಿಸಿದಳು. ಹಸಿರು ಲಂಗ, ಹಳದಿ ಹೂ. ಅದು ನನಗಿದ್ದ ಒಂದೇ ಒಳ್ಳೆಯ ಲಂಗ. ಬೋಳಾಗಿದ್ದ ಮೂಲೆಯ ಮೇಲೆ ಅದನ್ನಿಟ್ಟು ಹೊಲಿಯತೊಡಗಿದಳು.

"ಸೊಟ್ಟ ಅದ ಅಲ್ಲಬೇ" ಎಂದಳು ಅವ್ವ.

"ಇರ್ಲಿ ಬೇ ಯವ್ವಾ. ಇದು ಇಕಿ ಕುಂತ ಮೂಲಿ" ಎಂದಳು ಅಕ್ಕ.

ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದರು. ಕೌದಿ ಹಸಿದಿರಬಾರದಂತೆ. ಯಾವಾಗಲೂ ಅವ್ವನೇ ಇಡುವುದು. ಆ ದಿನ ಅಕ್ಕ ರೊಟ್ಟಿಯ ಚೂರನ್ನು ನನ್ನ ಕೈಯಿಂದಲೇ ಇಡಿಸಿದಳು. ಬಿಸಿಲು ಹೊಸ್ತಿಲು ಬಿಟ್ಟು ಹೋಗುವವರೆಗೆ ನಾನು ಕೂಸನ್ನು ಹಿಡಿದು ಕೂತಿದ್ದೆ. ಕಾಲು ಜುಮ್ಮೆಂದಿತು, ನೊಣ ಮೂಗಿನ ಮೇಲೆ ಕೂತಿತು, ಓಣಿಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ನಾನು ಏಳಲಿಲ್ಲ.

ಮರುದಿನ ಮಧ್ಯಾಹ್ನ ಅವರು ಹೋದರು. ಬಸ್ಸಿನ ಕಿಟಕಿಯಲ್ಲಿ ಅಕ್ಕನ ಹೆಗಲ ಮೇಲೆ ಕೂಸು, ಕೂಸಿನ ಮೇಲೆ ಕೌದಿ, ಕೌದಿಯಿಂದ ಹೊರಗೆ ಇಣುಕುವ ನನ್ನ ಹಸಿರು ಮೂಲೆ. ಧೂಳು ಏಳುವವರೆಗೂ ಅದು ಕಾಣುತ್ತಿತ್ತು.

ಮೊಮ್ಮಕ್ಕಳೇ, ಇದನ್ನೆಲ್ಲ ಈಗ ಯಾಕೆ ಹೇಳಿದೆ ಎಂದರೆ, ಮೊನ್ನೆ ಜೇವರ್ಗಿಯ ನಮ್ಮ ಕೌದಿ ಹೊಲಿಯುವ ಅಂಗಡಿಗೆ ಆ ಕೌದಿ ದುರಸ್ತಿಗೆ ಬಂತು. ಆ ಕೂಸಿಗೆ ಈಗ ತಲೆ ನರೆತಿದೆ, ಅವಳೇ ಕಳಿಸಿದ್ದಾಳೆ. ನಿಮ್ಮಲ್ಲಿ ದೊಡ್ಡವಳು ಅದನ್ನು ತನ್ನ ಉದ್ದನೆಯ ಮಷಿನ್ನಿಗೆ ಏರಿಸಿದಳು. ಎಂಥ ಮಷಿನ್ ಅದು! ಮಂಚಕ್ಕಿಂತ ಉದ್ದ. ಎರಡು ಕಡೆ ಉರುಳೆಗಳು, ಪಕ್ಕದಲ್ಲಿ ಬಟ್ಟೆ ಹಿಡಿಯುವ ಕ್ಲಿಪ್ಪುಗಳು, ಪರಸಿಯ ಸಂದಿಯ ಬದಲಿಗೆ ಒಂದು ಕೆಂಪು ಬೆಳಕಿನ ಗೆರೆ. ಅವ್ವ ನಾಲ್ಕು ದಿನ ಹೊಲಿದದ್ದನ್ನು ಅದು ಒಂದು ತಾಸಿನಲ್ಲಿ ಹೊಲಿಯುತ್ತದೆ. ನಾನು ಎಂದಿನಂತೆ ಕೂರಲಾರದೆ ಅದರ ಸುತ್ತ ಓಡಾಡುತ್ತಿದ್ದೆ. ಎಷ್ಟು ಬಿಗಿದರೂ ಒಂದು ಮೂಲೆ ಮಾತ್ರ ಕೆಂಪು ಗೆರೆಗೆ ಬರಲೇ ಇಲ್ಲ. "ಅಜ್ಜಿ, ಇದು ನಾಕು ಬೆರಳು ಹೆಚ್ಚ ಅದ. ಕತ್ತರಿಸಿ ಚೌಕ ಮಾಡ್ತೇನಿ" ಎಂದು ಅವಳು ಕತ್ತರಿ ಹಿಡಿದಳು. ನಾನು ಹೋಗಿ ಅವಳ ಕೈ ಹಿಡಿದೆ. ಮಾಸಿ ಮಾಸಿ ಹಳದಿ ಹೂವೆಲ್ಲ ಹೋಗಿತ್ತು, ಆದರೂ ಹಸಿರು ಇನ್ನೂ ಇತ್ತು.

ಅವಳು ಕತ್ತರಿ ಕೆಳಗಿಟ್ಟಳು. ಆ ಕಡೆಯ ಕ್ಲಿಪ್ಪು ತುಸು ಸಡಿಲ ಮಾಡಿ, ಮೂಲೆಯನ್ನು ಅದು ಇದ್ದ ಹಾಗೇ ಬಿಟ್ಟು ಹೊಲಿದಳು. ನಿಮ್ಮ ಕೌದಿಗಳು ನಮ್ಮವಕ್ಕಿಂತ ಎಷ್ಟೋ ಚೆಂದ, ಅಳತೆಗೆ ಒಂದು ಎಳೆಯೂ ತಪ್ಪುವುದಿಲ್ಲ, ಅದು ನನಗೂ ಹೆಮ್ಮೆಯೇ. ಮಷಿನ್ನಿನ ಕ್ಲಿಪ್ಪು ನನಗಿಂತ ಚೆನ್ನಾಗಿ ಮೂಲೆ ಹಿಡಿಯುತ್ತದೆ. ಅದಕ್ಕೆ ಕಾಲು ಜುಮ್ಮೆನ್ನುವುದಿಲ್ಲ, ಹಾರ್ನ್ ಕೇಳುವುದಿಲ್ಲ. ಮತ್ತೆ, ಅದಕ್ಕೆ ಊರು ಬಿಟ್ಟು ಹೋಗುವ ಅಕ್ಕ ಇಲ್ಲ. ನನ್ನ ಅಕ್ಕ ಈಗ ಎಲ್ಲಿಯೂ ಇಲ್ಲ. ಆ ಸೊಟ್ಟ ಮೂಲೆಯೊಂದು ಇದೆ. ಆ ಸಂಜೆ ಅದನ್ನು ನನ್ನ ತೊಡೆಯ ಮೇಲೆ ಹಾಕಿಕೊಂಡು, ಜಗ್ಗದೆ, ಸುಮ್ಮನೆ ಹಿಡಿದು ಕೂತಿದ್ದೆ.