ಎಲ್ಲಾ ಯಂತ್ರಕ್ಕೂ ಒಂಬತ್ತು

ರೋಣದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಅಂದಾನಪ್ಪನಿಗೆ ಒಂಬತ್ತೆಂದರೆ ಪ್ರಾಣ. ಸ್ಕೂಟರಿನ ನಂಬರು ಒಂಬತ್ತರಲ್ಲಿ ಮುಗಿಯಬೇಕು, ಫೋನಿನದೂ ಹಾಗೆಯೇ. ಅವನ ಹುಚ್ಚು ಅವನ ಹತ್ತಿರವೇ ಇದ್ದಿದ್ದರೆ ಯಾರಿಗೇನು ತಕರಾರು? ಆದರೆ ಎರಡು ಸಾವಿರದ ನಾಲ್ಕರಲ್ಲಿ ಅಂಗಡಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದ. ಕಲಿಸಲು ಗಜೇಂದ್ರಗಡದಿಂದ ಆಸಿಫಾ ಬಂದಳು.

ಅವಳು ಊರು ಬಿಟ್ಟದ್ದು ಸುಮ್ಮನೆ ಅಲ್ಲ. ಮದುವೆ ನಿಶ್ಚಯವಾದ ಸ್ವಲ್ಪ ದಿನಕ್ಕೆ ಗಂಡಿನ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ಪಾಚಿ ಕಟ್ಟಿದ್ದು ಅವರ ಬಚ್ಚಲು, ಕೆಟ್ಟ ಹೆಸರು ಬಂದದ್ದು ಇವಳ ಕಾಲ್ಗುಣಕ್ಕೆ! ಸಂಬಂಧ ಮುರಿಯಿತು. ನಲ್ಲಿಯ ಕಟ್ಟೆಯ ಮೇಲೂ ಅದೇ ಮಾತು. ತಾಯಿ ಖತೀಜಾಬಿ ಮಗ್ಗದ ಮುಂದೆ ಕೂತು ಅತ್ತಳು. ಆಸಿಫಾ ಅಳಲಿಲ್ಲ, ಹಲ್ಲು ಕಚ್ಚಿಕೊಂಡು ರೋಣದ ಬಸ್ಸು ಹತ್ತಿದಳು. ಆ ಮಾತೊಂದು ಬೆನ್ನಿಗೆ ಬರಬಾರದು ಎಂಬುದೇ ಅವಳ ಆಸೆ. ಬಂದರೆ ಯಾವ ತಾಯಿ ತನ್ನ ಮಗಳನ್ನು ಇಂಥವಳ ಹತ್ತಿರ ಕಲಿಯಲು ಕಳಿಸುತ್ತಾಳೆ?

ಮೊದಲ ತಂಡದ ಹುಡುಗಿಯರ ಪರೀಕ್ಷೆ ಬಂತು. ಮೂಲೆಯ ದೊಡ್ಡ ಯಂತ್ರದಿಂದ ಉಳಿದೆಲ್ಲ ಯಂತ್ರಗಳಿಗೆ ಪ್ರಶ್ನೆ ಹೋಗಬೇಕು. ಹಿಂದಿನ ಸಂಜೆ ಆಸಿಫಾ ಒಂದೊಂದಕ್ಕೂ ಐಪಿ ಅಡ್ರೆಸ್ ಹಾಕುತ್ತಾ ಕೂತಳು. ಓಣಿಯ ಮನೆಗಳಿಗೆ ನಂಬರು ಇರುವ ಹಾಗೆ ತಂತಿಯಲ್ಲಿ ಕೂಡಿದ ಯಂತ್ರಗಳಿಗೂ ನಂಬರು ಬೇಕು. ಮೊದಲ ಮೂರು ಖಾನೆ ಎಲ್ಲಕ್ಕೂ ಒಂದೇ, ಕೊನೆಯದು ಮಾತ್ರ ಬೇರೆ ಬೇರೆ. ಅಂದಾನಪ್ಪ ಅವಳ ಬೆನ್ನ ಹಿಂದೆ ನಿಂತು ಎಲ್ಲ ನೋಡುತ್ತಿದ್ದ.

"ಕಡೀ ಖಾನ್ಯಾಗ ಒಂಬತ್ತ ಹಾಕವಾ," ಅಂದ.

"ದೊಡ್ಡದಕ್ಕ ಹಾಕೀನ್ರಿ."

"ಎಲ್ಲಾಕೂ ಹಾಕು."

"ಹಂಗ ಬರೂದಿಲ್ರಿ, ಬಡದಾಡ್ತಾವು," ಅಂದು ಅವಳು ಕೆಲಸ ಮುಗಿಸಿ ತನ್ನ ಬಾಡಿಗೆ ಕೋಣೆಗೆ ಹೋದಳು.

ಮರುದಿನ ಮೆಣಸಗಿ, ಮುಶಿಗೇರಿಯಿಂದ ಹುಡುಗಿಯರು ತಾಯಂದಿರನ್ನು ಕರೆದುಕೊಂಡು ಬಂದರು. ಯಂತ್ರ ಹಚ್ಚಿದರೆ ಪ್ರಶ್ನೆ ಎಲ್ಲಿಂದ ಬರಬೇಕು? ಈ ನಂಬರು ಇನ್ನೊಂದು ಯಂತ್ರಕ್ಕೂ ಇದೆ ಎಂದು ಪರದೆ ಪರದೆಯ ಮೇಲೂ ತಕರಾರು. ಹುಡುಗಿಯರು ಅಳುವ ಮೋರೆ ಮಾಡಿಕೊಂಡರು. ಅಷ್ಟರಲ್ಲಿ ಅಂದಾನಪ್ಪ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲಿ ನಿಂತ ತಾಯಂದಿರ ಮುಂದೆಯೇ ಅಂದುಬಿಟ್ಟ:

"ಅದೆಂಥಾ ಕಾಲ್ಗುಣಾನವಾ ನಿಂದು. ನೀ ಬಂದಾಗಿಂದ ಒಂದೂ ನೆಟ್ಟಗ ಆಗವಲ್ದು."

ಮೆಣಸಗಿಯ ಗೌರವ್ವನಿಗೆ ಸಂತೆಗೆಂದು ಗಜೇಂದ್ರಗಡದ ಬಸ್ಸು ಹಿಡಿಯುವ ಗಡಿಬಿಡಿ. ಮಗಳನ್ನು ಬಿಟ್ಟು, ಅಷ್ಟು ಮಾತು ಕೇಳಿಸಿಕೊಂಡು ಇಳಿದು ಹೋದಳು.

ಆಸಿಫಾಳ ಮೈಯೆಲ್ಲ ಉರಿದುಹೋಯಿತು. ಬಾಯಿ ತೆಗೆದರೆ ಪರೀಕ್ಷೆ ಕೆಡುತ್ತದೆಂದು ನುಂಗಿಕೊಂಡು ಮೊದಲ ಯಂತ್ರದ ಖಾನೆ ತೆರೆದಳು. ಒಂಬತ್ತು. ಪಕ್ಕದ್ದು ತೆರೆದಳು. ಅದಕ್ಕೂ ಒಂಬತ್ತು.

"ಯಾರ ಮುಟ್ಟಿದ್ರು ಇವನ್ನ?"

"ನಾನ," ಅಂದ ಪುಣ್ಯಾತ್ಮ. "ಚಲೋ ಆಗ್ಲಿ ಅಂತ ರಾತ್ರಿ ಹಾಕೀನಿ. ಏನ ತಪ್ಪಾತು?"

ನಾಚಿಕೆ ಅನ್ನುವುದು ಹತ್ತಿರ ಸುಳಿದಿದ್ದರೆ ತಾನೇ! ಅವನ ಇಬ್ಬರು ಗಂಡುಮಕ್ಕಳೂ ಹಟಕ್ಕೆ ಬಿದ್ದು ತಮ್ಮ ತಮ್ಮ ಚೊಚ್ಚಲ ಮಗನಿಗೆ ತೀರಿಹೋದ ಮುತ್ತಜ್ಜ ಗುರುಸಂಗಪ್ಪನ ಹೆಸರನ್ನೇ ಇಟ್ಟದ್ದು ಪೇಟೆಗೆಲ್ಲ ಗೊತ್ತು. ಆಸಿಫಾ ಅದನ್ನೇ ಎತ್ತಿದಳು.

"ನಿಮ್ಮ ಮನ್ಯಾಗ ಇಬ್ರು ಗುರುಸಂಗಪ್ಪ ಅದಾರಲ್ರಿ. ಒದರಿದ್ರ ಇಬ್ರೂ ಓಡಿ ಬರ್ತಾರ, ಇಲ್ಲಾಂದ್ರ ಒಬ್ಬನೂ ಬರಂಗಿಲ್ಲ. ಅದಕ್ಕ ಒಬ್ಬನ್ನ ಚಿನ್ನು ಅಂತೀರಿ. ಮನ್ಯಾಗ ತಿಳಿದದ್ದು ಮಷೀನಿನ್ಯಾಗ ಯಾಕ ತಿಳೀಲಿಲ್ರಿ ನಿಮಗ?"

ತಾಯಂದಿರು ಸೆರಗು ಅಡ್ಡ ಹಿಡಿದು ನಕ್ಕರು. ಅಂದಾನಪ್ಪ ಕೆಮ್ಮಿದ. ಆಸಿಫಾ ಮತ್ತೆ ಎಲ್ಲಕ್ಕೂ ಬೇರೆ ಬೇರೆ ನಂಬರು ಕೊಟ್ಟಳು. ಪ್ರಶ್ನೆಗಳು ಬಂದವು, ಪರೀಕ್ಷೆಯೂ ಆಯಿತು.

ಹುಡುಗಿಯರು ಏಳುವ ಮೊದಲು ಅವಳು ಕೆಳಗಿಳಿಯಹೊರಟ ಅಂದಾನಪ್ಪನಿಗೆ ಬಾಗಿಲಲ್ಲಿ ಅಡ್ಡ ನಿಂತಳು.

"ಮುಂಜಾನಿ ಅಂದ ಮಾತು ಹಿಂದ ತಗೋರಿ."

"ಸಿಟ್ಟಿನ್ಯಾಗ ಬಂತವಾ. ಬಿಡು."

"ಇವರ ಮುಂದ ಅಂದೀರಿ, ಇವರ ಮುಂದ ಹೇಳ್ರಿ."

ಅವನು ಗೋಡೆ ನೋಡುತ್ತಾ ಹೇಳಿದ: "ನಂಬರ ಕೆಡಿಸಿದಾಂವ ನಾ. ಆಕಿ ಕಾಲ್ಗುಣದ್ದೇನಿಲ್ಲ." ಆಸಿಫಾ ದಾರಿ ಬಿಟ್ಟಳು. ಎದೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡಳು.

ಸಂಜೆ ಅಂಗಡಿಯ ಫೋನು ಬಡಿದುಕೊಂಡಿತು, ಆಸಿಫಾ ಇಳಿದು ಬಂದು ಎತ್ತಿದಳು. ಗಜೇಂದ್ರಗಡದಿಂದ ಖತೀಜಾಬಿ.

"ಅಲ್ಲೂ ಹಂಗ ಆತಂತಲ್ಲ ಬೇಟಿ. ಗೌರವ್ವ ಸಂತ್ಯಾಗ ಹೇಳಿದ್ಲು. ನಿನ್ನ ಕಾಲ್ಗುಣಕ್ಕ ಮಷೀನೆಲ್ಲಾ ನಿಂತಾವಂತ." ಮುಂದೆ ಅಳು.

ಬೆಳಗಿನ ಮಾತು ಬಸ್ಸು ಹತ್ತಿ ಹೋಗಿತ್ತು. ಮಧ್ಯಾಹ್ನದ ಮಾತು ಮಾಳಿಗೆಯನ್ನೂ ಇಳಿದಿರಲಿಲ್ಲ. ಇದೆಂಥಾ ನ್ಯಾಯ? ಆಸಿಫಾ ಗಿರಾಕಿಗಳ ನಡುವೆ ತೊಗರಿ ತೂಗುತ್ತಿದ್ದ ಅಂದಾನಪ್ಪನ ಹತ್ತಿರ ಹೋಗಿ, ತಕ್ಕಡಿಯ ಮೇಲೆ ಹಾಯಿಸಿ ರಿಸೀವರ್ ಚಾಚಿದಳು.

"ನಮ್ಮ ಅಮ್ಮ ಅದಾಳ್ರಿ. ಮ್ಯಾಲ ಹೇಳಿದ್ದು ಇಲ್ಲೂ ಹೇಳ್ರಿ. ಆಮ್ಯಾಲ ಗೌರವ್ವ ಎಲ್ಲಿದ್ರೂ ಹುಡುಕಿ ಹೇಳ್ಬೇಕು."

ಅಂದಾನಪ್ಪ ಗಿರಾಕಿಗಳ ಮುಖ ನೋಡಿದ. ಅವಳು ಕೈ ಹಿಂದೆ ತೆಗೆಯಲಿಲ್ಲ.