ಮಾಂಜ್ರಾ ದಂಡೆಯ ಕೂಗು

ದೆವ್ವ, ಶಕುನ ಎಂದರೆ ಬಿದ್ದು ಬಿದ್ದು ನಗುತ್ತಿದ್ದವನು ನಾನು. ಇದನ್ನು ಓದಿ ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ನನಗೆ ನಾಚಿಕೆಯಾಗುವುದು ಬೇರೆ ಕಾರಣಕ್ಕೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ನಾನು ಭಾಲ್ಕಿಯಲ್ಲಿ ಕನ್ನಡ ಮಾಸ್ತರ. ರಾಜ್ಯಕ್ಕೆ ಸೇರಿ ವರ್ಷ ತುಂಬುವ ದಿನ ಬೀದರದ ಸಭೆಯಲ್ಲಿ ಮಾಂಜ್ರಾ ಕಣಿವೆಯ ಇತಿಹಾಸ ಹೇಳಬೇಕಿತ್ತು. ಬಹಮನಿಗಳು ಬಂದರು, ನಿಜಾಮರು ಆಳಿದರು, ಹೊಳೆ ಮಾತ್ರ ಅಂದಿಗೂ ಇಂದಿಗೂ ಕನ್ನಡದ್ದೇ ಎಂದು ಮುಗಿಸಲು ಬಾಯಿಪಾಠ ಮಾಡಿದ್ದೆ. ನನ್ನ ಹೆಂಡತಿಯ ಮಾತು ಮರಾಠಿ. ಅವಳ ತವರು ಹೊಳೆಯಾಚೆ, ಔರಾದ ಕಡೆ. ನಾಲ್ಕು ಜನರೆದುರು ಅವಳು ಬಾಯಿ ತೆರೆದರೆ ನನಗೆ ಮುಜುಗರ.

ಮಳೆಗಾಲದಲ್ಲಿ, ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಬಿಡಲು ಹೊರಟೆ. ಅಲ್ಲಿ ಸೇತುವೆಯಿರಲಿಲ್ಲ. ಬೆಲ್ಲ ಕಾಯಿಸುವ ದೊಡ್ಡ ಕಡಾಯಿಯಲ್ಲಿ ಕೂರಿಸಿಕೊಂಡು ಮಹಬೂಬ ಚಾಚಾ ಜನರನ್ನು ದಾಟಿಸುತ್ತಿದ್ದ.

"ಆವೋ ಮಾಸ್ಟರ್ ಸಾಬ್, ಬೈಠೋ" ಎಂದ.

"ಇನ್ನ ಮ್ಯಾಲ ಕನ್ನಡ ಮಾತಾಡ್ರಿ ಚಾಚಾ. ನಾವೀಗ ಮೈಸೂರಿನವ್ರು."

"ನಾ ಮಾತಾಡ್ತೇನ್ರಿ. ಹೊಳಿಗಿ ಯಾರ್ ಹೇಳ್ತಾರ್ರಿ?" ಎಂದು ನಕ್ಕ. ನನಗೆ ರೇಗಿತು.

ಬಸುರಿ ಹೆಂಗಸು ರೊಟ್ಟಿ ತುಂಡನ್ನು ನೀರಿಗೆ ಬಿಡದೆ ಹೊಳೆ ದಾಟಬಾರದೆಂಬುದು ಹೆಂಡತಿಯ ತವರಿನ ಪದ್ಧತಿ. ಅವಳು ಬುತ್ತಿಗಂಟು ಬಿಚ್ಚತೊಡಗಿದಳು. "ಸಾಕ್ ಮಾಡು, ಹತ್ತು" ಎಂದು ಗದರಿ ಅವಳ ಕೈಹಿಡಿದು ಎಳೆದೆ. ಅವಳ ಒಂದು ಕಾಲು ಕಡಾಯಿಯೊಳಗಿತ್ತು, ಅಷ್ಟರಲ್ಲಿ ಆಚೆ ದಂಡೆಯಿಂದ ಹೆಣ್ಣುದನಿಯೊಂದು ಕೂಗಿತು: "ಹತ್ತಬ್ಯಾಡ್ರೀ! ನೀರ್ ಬಂತು!"

ಹಾಡುಹಗಲು, ಸುಡುವ ಬಿಸಿಲು. ಆಚೆ ದಂಡೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಆದರೂ ಮೂವರೂ ಬೆಚ್ಚಿ ಹಿಂದೆ ಸರಿದೆವು. ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮೇಲಿನಿಂದ ರಾಡಿ ನೀರು ಭೋರ್ಗರೆದು ಬಂದು ಕಡಾಯಿಯನ್ನು ಕೊಚ್ಚಿಕೊಂಡು ಹೋಯಿತು.

"ಹತ್ತಬ್ಯಾಡ್ರಿ ಅಂದವ್ರು ಯಾರ್ರಿ ಚಾಚಾ?" ಎಂದೆ.

"ಕನ್ನಡದಾಗ ಎಲ್ಲಿ ಅಂದಳ್ರಿ? 'ಮತ್ ಚಢೋ, ಪಾನಿ ಆಯಾ' ಅಂತ ನಮ್ಮ ಮಾತಿನಾಗ ಒದರಿದಳಲ್ರಿ!"

ಹೆಂಡತಿ ನಮ್ಮಿಬ್ಬರನ್ನೂ ಬೆರಗಿನಿಂದ ನೋಡಿದಳು. ತಾನು ಕೇಳಿದ್ದು ಮರಾಠಿ, ಅದೂ ತನ್ನ ತವರೂರಿನ ರಾಗದ್ದು ಎಂದಳು.

ಅದು ಸುಳ್ಳು ಹೇಳುವ ಹೊತ್ತಾಗಿರಲಿಲ್ಲ. ಬುತ್ತಿಯ ರೊಟ್ಟಿಯನ್ನು ನಾನೇ ಮುರಿದು ನೀರಿಗೆ ಬಿಟ್ಟೆ. ಆ ದನಿ ಯಾರದು, ಅದರ ಮಾತು ಯಾವುದು, ಇಂದಿಗೂ ನನಗೆ ತಿಳಿದಿಲ್ಲ.

ಸಭೆಯ ದಿನ ನನ್ನ ಭಾಷಣದಲ್ಲಿ ಬಹಮನಿಗಳೂ ನಿಜಾಮರೂ ಸಲೀಸಾಗಿ ಬಂದು ಹೋದರು. ಹೊಳೆಯ ಮಾತು ಬಂದಾಗ ನಾಲಿಗೆ ಏಳಲಿಲ್ಲ. ಎದುರಿಗೆ ಹೆಂಡತಿ ನಮ್ಮ ಕೂಸನ್ನು ಮರಾಠಿಯಲ್ಲಿ ರಮಿಸುತ್ತಿದ್ದಳು. ನಾನು ತಲೆ ತಗ್ಗಿಸಿ ಕೆಳಗಿಳಿದೆ. ಭಾಷಣ ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.