ಕ್ಲಾಸೆಟ್ಟಿನಲ್ಲಿ ಬಿದ್ದ ಜೀವ

ನಗುವಾಗ ಅವರು ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದರು. ಕೈ ತೆಗೆದ ಮೇಲೂ ಕೆನ್ನೆಯ ಮೇಲೆ ಬೆರಳ ಗುರುತುಗಳು ಸ್ವಲ್ಪ ಹೊತ್ತು ಬೆಳ್ಳಗೆ ಉಳಿಯುತ್ತಿದ್ದವು. ಎಡಗೆನ್ನೆಯೋ ಬಲಗೆನ್ನೆಯೋ ಎಂದು ಕೇಳಿದರೆ ದಿನಕ್ಕೊಂದು ಉತ್ತರ ಕೊಟ್ಟೇನು.

ಮರ್ಫಿ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ. ಅಮೆರಿಕನ್ ಸೈನಿಕನನ್ನು ಮದುವೆಯಾಗಿ ಟೆಕ್ಸಾಸಿಗೆ ಬಂದವರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಜಪಾನಿನವರು ಎಂದುಕೊಂಡಿದ್ದೆ. "ಓಕಿನಾವಾ," ಎಂದು ತಿದ್ದಿದರು. "ನಮಗೆ ನಮ್ಮದೇ ರಾಜ ಇದ್ದ, ನಮ್ಮದೇ ಭಾಷೆ ಇತ್ತು. ಜಪಾನಿನವರ ಶಾಲೇಲಿ ಆ ಭಾಷೆ ಆಡಿದ್ದಕ್ಕೆ ನಮ್ಮಕ್ಕನ ಕತ್ತಿಗೆ ಹಲಗೆ ಕಟ್ಟಿದ್ರು." ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ನನ್ನ ಪುಟ್ಟ ಮಗಳನ್ನು ನೋಡಿ, "ಇವಳ ಕತ್ತಿಗೆ ಯಾರಮ್ಮ ಕಟ್ಟಿದ್ದು?" ಎಂದು ಬಾಯಿ ಮುಚ್ಚಿ ನಕ್ಕರು.

ಅವರು ಆಡಿದ್ದು ಇಂಗ್ಲಿಷ್. ನನಗೆ ನೆನಪಿರುವುದು ಕನ್ನಡದಲ್ಲಿ. ಅಷ್ಟರಮಟ್ಟಿಗೆ ಈ ನೆನಪು ಸುಳ್ಳು.

ಒಂದು ಮಧ್ಯಾಹ್ನ ಸುಂಟರಗಾಳಿಯ ಸೈರನ್ ಕೂಗಿತು. ಅಜ್ಜಿ ಒಳಗೆ ಹೋಗದೆ ತಮ್ಮ ಅಂಗಳದ ಹುಲ್ಲಿನ ಮೇಲೆ ನಿಂತೇ ಇದ್ದರು. ನಾನು ಅವರನ್ನು ಎಳೆತಂದು, ಮಗಳು ಮತ್ತು ಅತ್ತೆಯ ಜೊತೆ ಮೆಟ್ಟಿಲ ಕೆಳಗೆ ಬಟ್ಟೆಬರೆ ಇಡುವ ಪುಟ್ಟ ಕೋಣೆಗೆ, ಕ್ಲಾಸೆಟ್ಟಿಗೆ, ತುಂಬಿದೆ. ಕರೆಂಟ್ ಹೋಯಿತು. ಮಗಳು ಅಳತೊಡಗಿದಳು; ಅಳು ಥಟ್ಟನೆ ನಿಂತಿತು. ಫೋನಿನ ಬೆಳಕು ಹಾಯಿಸಿದರೆ ಅಜ್ಜಿಯ ಅಂಗೈ ಅವಳ ಬಾಯಿಯ ಮೇಲೆ. ಬಿಡಿಸಲು ನಾನೂ ಅತ್ತೆಯೂ ಸೇರಬೇಕಾಯಿತು.

ಗಾಳಿ ಊರನ್ನು ಮುಟ್ಟದೆ ಹೋಯಿತು. ಮಗಳು ಮಾತು ಬಿಟ್ಟಳು. ಡಾಕ್ಟರು ಗಂಟಲು ನೋಡಿ, ಕಾಯಿರಿ ಎಂದರು.

ಕೆಲವು ದಿನ ಕಳೆದು ಅಜ್ಜಿ ಬಾಗಿಲಿಗೆ ಬಂದರು. "ಹೆದರಿದಾಗ ಜೀವ ಕಳಚಿ ಬೀಳುತ್ತೆ. ಬಿದ್ದ ಕಡೆಯೇ ಕೂತಿರುತ್ತೆ. ನಾವು ಮಬುಯಿ ಅಂತೀವಿ. ಅವಳು ತೊಟ್ಟು ಬಿಟ್ಟ ಅಂಗಿ ಕೊಡು. ಒಗೆದದ್ದು ಬೇಡ."

ನಾನು ಹಿಂಜರಿದೆ. ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಆಗಲೇ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಸೋತಿದ್ದರು. "ನಿನ್ನ ಡಾಕ್ಟರ್ ಒಂದ್ಸಲರ ಹೆಸರು ಹಿಡದು ಕರದಾನೇನವಾ? ಅಕಿ ಕರೀಲಿ ಬಿಡು," ಎಂದು ಕೊಳೆಬಟ್ಟೆಯ ಬುಟ್ಟಿಯಿಂದ ಫ್ರಾಕ್ ಹುಡುಕಿ ತಂದರು.

ಅಜ್ಜಿ ಕ್ಲಾಸೆಟ್ಟಿನ ಮುಂದೆ ಮಂಡಿಯೂರಿ, ಫ್ರಾಕ್ ಒಡ್ಡಿ, ಕತ್ತಲನ್ನು ಕೈಯಿಂದ ಬಾಚಿ ಬಾಚಿ ಅದಕ್ಕೆ ತುಂಬುತ್ತ ತಮ್ಮ ಭಾಷೆಯಲ್ಲಿ ಕರೆದರು. ಆಮೇಲೆ ಅದನ್ನು ಮಗಳಿಗೆ ತೊಡಿಸಿದರು.

"ಐ ಆ್ಯಮ್ ಹಂಗ್ರಿ," ಎಂದಳು ಮಗಳು. ಅತ್ತೆ ಅನ್ನ ಕಲಸಲು ಓಡಿದರು.

ಅಜ್ಜಿ ನಗಲಿಲ್ಲ. ಯುದ್ಧದಲ್ಲಿ ಊರವರೆಲ್ಲ ಗುಹೆಯಲ್ಲಿ ಅಡಗಿದ್ದಾಗ, ಅಳು ಸೈನಿಕರಿಗೆ ಕೇಳಬಾರದೆಂದು ತಾಯಿ ಪುಟ್ಟ ಹುಡುಗಿಯಾಗಿದ್ದ ಅಜ್ಜಿಯ ಬಾಯಿ ಒತ್ತಿ ಹಿಡಿದಿದ್ದಳಂತೆ. ಅವರ ಜೀವ ಬಿದ್ದದ್ದು ಅಲ್ಲಿ. ಕರೆಯಬೇಕಾದ ತಾಯಿ ಆ ಗುಹೆಯಿಂದ ಹೊರಗೆ ಬರಲಿಲ್ಲ.

"ಇವತ್ತು ಒಬ್ಬಳನ್ನ ಕರೆದೆ, ಇಬ್ಬರು ಬಂದರು," ಎಂದರು ಅಜ್ಜಿ. "ಇನ್ನೊಬ್ಬಳು ನಾನು. ನನಗೆ ಅಂಗಿ ತಂದಿರಲಿಲ್ಲ. ಈ ಕ್ಲಾಸೆಟ್ಟಿನಲ್ಲೇ ಕೂತಿದ್ದೀನಿ."

ಕೆಲವು ತಿಂಗಳ ಮೇಲೆ ಕಾಯಿಲೆಯಾಗಿ ಆಸ್ಪತ್ರೆ ಸೇರಿದಾಗ ಅಜ್ಜಿ, ತಾವು ತೊಟ್ಟು ಬಂದಿದ್ದ ನೀಲಿ ಬ್ಲೌಸನ್ನು ನನ್ನ ಕೈಗಿತ್ತು, ತಾಯಿ ಕರೆಯುತ್ತಿದ್ದ ಹೆಸರನ್ನು ಕಿವಿಯಲ್ಲಿ ಹೇಳಿದರು. "ನನ್ನ ಕರೆಯೋಕೆ ಉಳಿದಿರೋದು ನೀನೇ."

ಮನೆಗೆ ಬಂದು, ಕ್ಲಾಸೆಟ್ಟಿನ ಮುಂದೆ ಬ್ಲೌಸ್ ಒಡ್ಡಿ, ಆ ಹೆಸರು ಹಿಡಿದು ಕರೆದೆ. ಅದನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಆಸ್ಪತ್ರೆಗೆ ಡ್ರೈವ್ ಮಾಡಿದೆ. ಅದು ಭಾರವಾಗಿತ್ತೆಂದು ನೆನಪು. ಹತ್ತಿ ಬಟ್ಟೆ ಅಷ್ಟು ತೂಗುವುದಿಲ್ಲ. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಬಾಯಿ ತೆರೆದಿತ್ತು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬ್ಲೌಸ್ ಕ್ಲಾಸೆಟ್ಟಿನಲ್ಲಿ ತೂಗುತ್ತಿದೆ, ಒಗೆದಿಲ್ಲ. ಮಗಳು ಆಗಾಗ ಆ ಬಾಗಿಲ ಮುಂದೆ ನಿಂತು ಕೇಳುತ್ತಾಳೆ, "ಅಮ್ಮ, ಆ ಅಂಗಿ ನಾನು ಹಾಕ್ಕೊಳ್ಳಲಾ?"

ಅವಳು ಕನ್ನಡದಲ್ಲಿ ಕೇಳುವುದು ಅದೊಂದನ್ನೇ.